ಮರಳ ಮೇಲಿನ ಅಂಕಿ, ಇಟಲಿಯ ಮೊದಲ ಪಾಠ

ಶಿರಸಿ ತಾಲೂಕಿನ ಹೆಗಡೆಕಟ್ಟಾದಲ್ಲಿ ಕುಳಿತು ಇಟಲಿಯ ಭಾಷೆ ಕಲಿಯುತ್ತೇವೆಂದರೆ ಕೇಳಿದವರು ನಕ್ಕಾರು. ಆದರೆ ಮೊದಲ ಪಾಠ ತೆರೆದೊಡನೆ ಎದುರಾಗುವುದು ನಮ್ಮ ತೋಟದ, ನಮ್ಮ ಅಡುಗೆಮನೆಯ ಸಾಮಾನುಗಳೇ.

ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿಗೆ ಇಟಲಿಯವರು 'ಪೇಪೆ' ಎನ್ನುತ್ತಾರೆ. ಅದರ ಮೂಲ ಸಂಸ್ಕೃತದ ಪಿಪ್ಪಲಿ, ಅಂದರೆ ನಮ್ಮ ಹಿಪ್ಪಲಿ. ಗ್ರೀಕ್, ಲ್ಯಾಟಿನ್‌ಗಳನ್ನು ದಾಟಿ ಅದು ಅಲ್ಲಿಗೆ ತಲುಪಿತು. ಸಂಸ್ಕೃತದ ಶರ್ಕರಾ ಪಾರಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್ ಆಗಿ ಇಟಲಿಯಲ್ಲಿ 'ತ್ಸುಕ್ಕೆರೊ' ಆಯಿತು. ಸುಂಕದ ಕಚೇರಿಗೆ ಅವರ ಹೆಸರು 'ದೊಗಾನಾ'. ನಮ್ಮಲ್ಲಿ ದಿವಾನರಾಗಿ ಬಂದ ಪದವೇ ಅರಬಿಯ ಮೂಲಕ ಅಲ್ಲಿ ಹೀಗೆ ನೆಲೆಸಿತು. 9ರಿಂದ 11ನೇ ಶತಮಾನದವರೆಗೆ ಸಿಸಿಲಿ ದ್ವೀಪ ಮುಸ್ಲಿಮರ ಆಡಳಿತದಲ್ಲಿತ್ತು. ವ್ಯಾಪಾರದ ಹಡಗುಗಳಂತೂ ಅದರಾಚೆಗೂ ಓಡಾಡುತ್ತಲೇ ಇದ್ದವು. ಸರಕಿನ ಜೊತೆ ಹೆಸರೂ ಸಾಗಿತು.

ವ್ಯಾಕರಣವೂ ನಮ್ಮನ್ನು ಅಷ್ಟಾಗಿ ಹೆದರಿಸುವುದಿಲ್ಲ. 'ಓದುತ್ತೇನೆ' ಎಂದರೆ ಸಾಕು, 'ನಾನು' ಎನ್ನಬೇಕಿಲ್ಲ. ಅಲ್ಲಿಯೂ 'ಲೆಗ್ಗೊ' ಎಂದರೆ ಮುಗಿಯಿತು. ಹೆಚ್ಚಿನ ಪದಗಳು ಕನ್ನಡದಂತೆ ಸ್ವರದಲ್ಲೇ ಕೊನೆಗೊಳ್ಳುತ್ತವೆ. ಕತೆಗೂ ಕತ್ತೆಗೂ ಇರುವ ಅಂತರ ಬಲ್ಲವರಿಗೆ 'ಪಾಲಾ' ಸಲಿಕೆ, 'ಪಲ್ಲಾ' ಚೆಂಡು ಎಂಬುದು ಕಷ್ಟವಲ್ಲ. ಎಡವುವುದು ಲಿಂಗದಲ್ಲಿ. ಇಟಲಿಯಲ್ಲಿ ನಪುಂಸಕಲಿಂಗವಿಲ್ಲ. ಪುಸ್ತಕ 'ಲೀಬ್ರೊ' ಪುಲ್ಲಿಂಗ, ಮನೆ 'ಕಾಸಾ' ಸ್ತ್ರೀಲಿಂಗ. ಉರ್ದು ಬಲ್ಲವರಿಗೆ ಇನ್ನೊಂದು ತಮಾಷೆ: ಅಲ್ಲಿ ಕಿತಾಬ್ ಸ್ತ್ರೀಲಿಂಗ, ಘರ್ ಪುಲ್ಲಿಂಗ!

ಎಣಿಸಲು ಕಲಿಯುವಾಗ ಕತೆ ಇನ್ನೂ ಸ್ವಾರಸ್ಯವಾಗುತ್ತದೆ. ಪೀಸಾ ನಗರದ ಲಿಯೊನಾರ್ಡೊ ಬಾಲ್ಯದಲ್ಲಿ ಉತ್ತರ ಆಫ್ರಿಕದ ಬೆಜಾಯಿಯಾ ಬಂದರಿನಲ್ಲಿ ಭಾರತೀಯ ಅಂಕಿಗಳನ್ನು ಕಲಿತ. ಅವನ ತಂದೆ ಅಲ್ಲಿ ಪೀಸಾದ ವ್ಯಾಪಾರಿಗಳ ಪರವಾಗಿ ಸುಂಕದ ಕೆಲಸ ನೋಡುತ್ತಿದ್ದ. 1202ರಲ್ಲಿ ಲಿಯೊನಾರ್ಡೊ ಬರೆದ ಗಣಿತ ಗ್ರಂಥ ಯುರೋಪಿನಲ್ಲಿ ಆ ಅಂಕಿಗಳ ಬಳಕೆ ಹರಡಲು ನೆರವಾಯಿತು. ನಮ್ಮ ಶೂನ್ಯ ಅರಬಿಯಲ್ಲಿ ಸಿಫ್ರ್ ಆಗಿ, ಇಟಲಿಯಲ್ಲಿ 'ಜೇರೊ' ಆಯಿತು.

ನಾಲ್ಕು ಶತಮಾನಗಳ ಬಳಿಕ, 1623ರಲ್ಲಿ, ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ನಮ್ಮ ಘಟ್ಟ ಹತ್ತಿದ. ತುರ್ಕಿ, ಪಾರಸಿ, ಅರಬಿ ಕಲಿತಿದ್ದವನು. ತುರ್ಕಿ ಭಾಷೆಗೆ ವ್ಯಾಕರಣವನ್ನೂ ಬರೆದವನು. ಹೊನ್ನಾವರ, ಗೇರುಸೊಪ್ಪೆ ದಾಟಿ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗಿದ್ದ. ದಾರಿಯಲ್ಲಿ ಒಂದು ಗುಡಿಯ ಜಗುಲಿಯ ಮೇಲೆ ನಾಲ್ವರು ಹುಡುಗರು ನೆಲಕ್ಕೆ ಮರಳು ಹರಡಿ, ರಾಗವಾಗಿ ಲೆಕ್ಕ ಹೇಳುತ್ತ ಬೆರಳಿನಿಂದ ಅಂಕಿ ಬರೆಯುತ್ತಿದ್ದರು. ಗುರುಗಳಿರಲಿಲ್ಲ. ಮರೆತರೆ ತಿದ್ದುವವರಾರು ಎಂದು ಅವನು ಕೇಳಿದ. ನಾಲ್ವರೂ ಒಟ್ಟಿಗೇ ಮರೆಯುವುದಿಲ್ಲ, ಒಬ್ಬರನ್ನೊಬ್ಬರು ತಿದ್ದುತ್ತೇವೆ ಎಂದರು ಮಕ್ಕಳು. ಈ ಕಲಿಕೆ ಅವನಿಗೆ ಬಹಳ ಹಿಡಿಸಿತು; ತನ್ನ ಪತ್ರದಲ್ಲಿ ಅದನ್ನು ವಿವರವಾಗಿ ಬರೆದಿಟ್ಟ.

ಇಲ್ಲಿಂದ ಹೊರಟ ಅಂಕಿಗಳನ್ನು ಅರಬರ ಕೈಯಿಂದ ಪಡೆದ ನಾಡಿನವನು, ಅವನ್ನು ಕಲಿಯುವ ಬಗೆಯನ್ನು ಇಲ್ಲಿಗೇ ಬಂದು ನೋಡಿದ. ಇಂದು ನಮ್ಮ ಮೆಣಸಿನ ಹೆಸರನ್ನು ನಾವು ಅವನ ಭಾಷೆಯಲ್ಲಿ ಓದುತ್ತಿದ್ದೇವೆ. ಇದು ನಮ್ಮದು, ಅದು ಪರರದು ಎಂದು ಮಾತನ್ನೂ ಮನುಷ್ಯರನ್ನೂ ಬೇಲಿ ಹಾಕಿ ವಿಂಗಡಿಸುವವರು ಒಮ್ಮೆ ಪರಭಾಷೆಯೊಂದರ ಮೊದಲ ಪಾಠ ಓದಲಿ. ಕಲಿಯುವ ನಮಗಾದರೋ ಆ ನಾಲ್ಕು ಮಕ್ಕಳೇ ಗುರುಗಳು: ಗಟ್ಟಿಯಾಗಿ ಹೇಳಬೇಕು, ಕೈಯಾರೆ ಬರೆಯಬೇಕು, ತಪ್ಪಿದಾಗ ಒಬ್ಬರನ್ನೊಬ್ಬರು ತಿದ್ದಬೇಕು.