ಜೆ.ಆರ್. ಅಂದರೆ ಜಗಳೂರು!

ಮೊನ್ನೆ ಹೊನ್ನಾಳಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿ ಹುಡುಕಿದ್ದೇ ಹುಡುಕಿದ್ದು. ಬೇಕಾಗಿದ್ದದ್ದು ಒಂದೇ ಪುಸ್ತಕ, ಜೆ.ಆರ್. ಲಕ್ಷ್ಮಣರಾಯರ 'ಪರಮಾಣು ಚರಿತ್ರೆ'. ಸಿಗಲಿಲ್ಲ. ಸಿಗೋದಿಲ್ಲ ಅಂತ ಒಳಗೊಳಗೇ ಗೊತ್ತಿತ್ತು ಬಿಡಿ. ಡಿಗ್ರಿ ಮುಗಿದ ವರ್ಷ ಹಳೇ ಪೇಪರ್ ಜೊತೆ ಅದನ್ನೂ ತೂಕಕ್ಕೆ ಹಾಕಿದವನು ನಾನೇ. "ಇದೆಲ್ಲ ಹುಡುಗರು ಓದೋ ಪುಸ್ತಕ" ಅಂತ ಅವತ್ತು ದೊಡ್ಡ ಮನುಷ್ಯನ ಹಾಗೆ ಅಂದಿದ್ದೆ ಬೇರೆ.

ಆ ಪುಸ್ತಕದ ಋಣ ನನ್ನ ಮೇಲೆ ಸಣ್ಣದಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿ ಸೈನ್ಸಿಗೆ ಹೋದವರಿಗೆ ಆ ಮೊದಲ ಮೂರು ತಿಂಗಳು ಏನು ಅಂತ ಗೊತ್ತಿರುತ್ತೆ. ಫಿಸಿಕ್ಸ್ ಕ್ಲಾಸಲ್ಲಿ ನಾನು ಬರೆದುಕೊಳ್ತಿದ್ದೆ, ಅಷ್ಟೇ. ಆರ್ಟ್ಸಿಗೆ ಬದಲಾಯಿಸೋಣ ಅಂತ ಅರ್ಜಿಯನ್ನೂ ಬರೆದಿಟ್ಟಿದ್ದೆ. ಆಗ ಸಿಕ್ಕಿದ್ದು ಈ ಪುಸ್ತಕ.

ಕ್ಲಾಸಲ್ಲಿ ರುದರ್‌ಫರ್ಡ್ ಅಂದ್ರೆ ಒಂದು ಚಿತ್ರ, ನಾಲ್ಕು ಪಾಯಿಂಟು, ಐದು ಮಾರ್ಕು. ಅದೇ ಸಂಗತಿ ಚರಿತ್ರೆಯಾಗಿ ಬಂದಾಗ ಬೇರೆಯೇ ರುಚಿ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದರು. ಪರಮಾಣು ಅಂದ್ರೆ ಧನ ವಿದ್ಯುತ್ತಿನ ಉಂಡೆ, ಅದರಲ್ಲಿ ಅಲ್ಲಲ್ಲಿ ಎಲೆಕ್ಟ್ರಾನು, ನಮ್ಮ ರವೆ ಉಂಡೆಯೊಳಗಿನ ದ್ರಾಕ್ಷಿ ಹಾಗೆ ಅಂತ ಅವರ ಕಲ್ಪನೆ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್, ಮತ್ತೆ ಇನ್ನೂ ಇಪ್ಪತ್ತರ ಹುಡುಗ ಮಾರ್ಸ್‌ಡೆನ್, ಕತ್ತಲ ಕೋಣೆಯಲ್ಲಿ ಕೂತು ಮಿಣುಕುಗಳನ್ನು ಕಣ್ಣಲ್ಲೇ ಎಣಿಸಿದರು. ತೆಳು ಲೋಹದ ಹಾಳೆಗೆ ಆಲ್ಫಾ ಕಣ ಹೊಡೆದರೆ ಹೆಚ್ಚಿನವು ಸಲೀಸಾಗಿ ದಾಟಿಹೋದವು. ಸಾವಿರಾರರಲ್ಲಿ ಒಂದೊಂದು ಮಾತ್ರ ಬಂದ ದಾರಿಗೇ ವಾಪಸ್! ರವೆ ಉಂಡೆಯಲ್ಲಿ ಹಾಗಾಗೋದಿಲ್ಲವಲ್ಲ. ರುದರ್‌ಫರ್ಡ್ ಎರಡು ವರ್ಷ ತಲೆ ಕೆಡಿಸಿಕೊಂಡು 1911ರಲ್ಲಿ ಉತ್ತರ ಹೇಳಿದರು: ಭಾರವೆಲ್ಲ ನಡುವಿನ ಒಂದು ಚಿಕ್ಕ ಬೀಜದಲ್ಲಿದೆ, ಉಳಿದದ್ದು ಬಹುಪಾಲು ಖಾಲಿ. ಪರಮಾಣುವನ್ನು ನೂರು ಮೀಟರಿನ ಮೈದಾನದಷ್ಟು ಹಿಗ್ಗಿಸಿದರೆ ಆ ಬೀಜ ಒಂದು ಜೋಳದ ಕಾಳು. (ಈ ಲೆಕ್ಕ ನಂದು, ತಪ್ಪಿದ್ರೆ ರಾಯರನ್ನು ಬೈಬೇಡಿ :-)) ತಮಾಷೆ ಅಂದ್ರೆ, ಅಷ್ಟರಲ್ಲಾಗಲೇ, 1908ರಲ್ಲಿ, ರುದರ್‌ಫರ್ಡ್‌ಗೆ ನೊಬೆಲ್ ಬಂದಿತ್ತು. ಅದೂ ಕೆಮಿಸ್ಟ್ರಿಯಲ್ಲಿ!

ದೊಡ್ಡವರೂ ತಪ್ಪು ಚಿತ್ರ ಇಟ್ಟುಕೊಂಡೇ ಮುಂದೆ ಹೋದವರು ಅಂತ ಗೊತ್ತಾದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು. ಆ ಅರ್ಜಿ ಕೊಡಲಿಲ್ಲ.

ಈಗ ಮುಖ್ಯ ವಿಷಯ. ಇಂಥಾ ಪುಸ್ತಕ ಬರೆಯೋರೆಲ್ಲ ಬೆಂಗಳೂರಿನವರೋ ಮೈಸೂರಿನವರೋ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ. 2017ರ ಕೊನೆಯಲ್ಲಿ ಲಕ್ಷ್ಮಣರಾಯರು ತೀರಿಕೊಂಡರು. ಅವರ ಬಗ್ಗೆ ಬಂದ ಬರಹ ಓದುವಾಗ ಕಣ್ಣಿಗೆ ಬಿತ್ತು: ಹುಟ್ಟಿದ್ದು 1921ರಲ್ಲಿ, ಜಗಳೂರಿನಲ್ಲಿ. ಆ 'ಜೆ' ಅಂದ್ರೆ ಜಗಳೂರು! ನಮ್ಮೂರಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನಮಗಾದರೂ ತುಂಗಭದ್ರೆ ಇದ್ದಾಳೆ, ಜಗಳೂರು ಮಳೆಗಾಗಿ ಮುಗಿಲು ನೋಡೋ ಸೀಮೆ. ಅಲ್ಲಿಂದ ಹೊರಟು ಮೈಸೂರಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಾದವರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ಕ್ಕೂ ಅವರೇ ಸಂಪಾದಕರಾಗಿದ್ದರು. ನಮ್ಮ ಶಾಲೆಗೆ ಬರ್ತಿದ್ದ ಪತ್ರಿಕೆ ಅದು. ಅಂದ್ರೆ ಹೆಸರು ನೋಡದೇ ನಾನು ಅವರನ್ನು ಮೊದಲೇ ಓದಿರಬೇಕು.

ಕನ್ನಡದಲ್ಲಿ ಈ ಕೆಲಸ ಅವರಿಗಿಂತ ಹಿಂದಿನದು. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ 1918ರಲ್ಲೇ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ಶುರು ಮಾಡಿದ್ದರು. ಆಮೇಲೆ ಕಾರಂತರು, ಜಿ.ಟಿ. ನಾರಾಯಣರಾಯರು. ಜಿ.ಟಿ.ಎನ್. ಸಂಸ್ಕೃತ ಪದಗಳ ಭಾರ ನನಗೆ ಸ್ವಲ್ಪ ಜಾಸ್ತಿ ಅನ್ಸುತ್ತೆ. ಲಕ್ಷ್ಮಣರಾಯರದ್ದು ಪಕ್ಕ ಕೂತು ಹೇಳಿದ ಹಾಗೆ. ನಿಮಗೆ ಬೇರೆ ಅನ್ನಿಸಿದರೆ ಜಗಳಕ್ಕೆ ನಾನು ರೆಡಿ.

ತೊಂಬತ್ತಾರು ವರ್ಷ ಬದುಕಿದ್ದರು. ಒಂದು ಕಾರ್ಡು ಬರೆಯೋಕೆ ನನಗೆ ಬೇಕಾದಷ್ಟು ಸಮಯ ಇತ್ತು. ಮಗಳು ಈ ಸಲ ಒಂಬತ್ತನೇ ಕ್ಲಾಸು, ಪರಮಾಣು ಪಾಠ ಬಂದಿದೆ. ನಿಮ್ಮಲ್ಲಿ ಯಾರ ಹತ್ರಾದ್ರೂ 'ಪರಮಾಣು ಚರಿತ್ರೆ'ಯ ಹಳೇ ಪ್ರತಿ ಇದ್ರೆ ತಿಳಿಸಿ, ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕಳಿಸ್ತೀನಿ.