ಅಗ್ಗದ ಸೈಟು ಯಾಕೆ ಅಗ್ಗ? ದೊಡ್ಡಬಳ್ಳಾಪುರದಲ್ಲಿ ನಿವೇಶನ ಕೊಳ್ಳುವ ಮುನ್ನ ತಿಳಿದಿರಬೇಕಾದ್ದು

ದೊಡ್ಡಬಳ್ಳಾಪುರ: ತಾಲ್ಲೂಕಿನಲ್ಲಿ 30×40 ಅಳತೆಯ ಸೈಟು ವಿಚಾರಿಸಲು ಹೊರಟವರಿಗೆ ಎರಡು ಥರದ ರೇಟು ಕೇಳಿಸುತ್ತದೆ. ಒಂದು, ಸಾಲ ಮಾಡಿದರೂ ಕೈಗೆಟುಕದ್ದು. ಇನ್ನೊಂದು, ಚೀಟಿ ದುಡ್ಡು, ಒಡವೆ ಅಡ ಇಟ್ಟ ದುಡ್ಡು ಸೇರಿಸಿದರೆ ಹೇಗೋ ಆಗಬಹುದು ಅನ್ನಿಸುವಂಥದ್ದು. ಎರಡನೆಯದನ್ನು ಹೆಚ್ಚಾಗಿ ಕೊಳ್ಳುವವರು ಮಗ್ಗದ ಕೆಲಸಗಾರರು, ಗಾರ್ಮೆಂಟ್ಸ್ ನೌಕರರು, ಸಣ್ಣ ಅಂಗಡಿಯವರು. ಬಾಡಿಗೆ ಕಟ್ಟಿ ಸಾಕಾದವರು. ಈ ಎರಡು ರೇಟುಗಳ ನಡುವಿನ ವ್ಯತ್ಯಾಸ ಇರುವುದು ಜಾಗದಲ್ಲಿ ಅಲ್ಲ, ಕಾಗದದಲ್ಲಿ.

ಭೂಮಿ ಯಾಕೆ ಇಷ್ಟು ಏರಿತು

ನೇಕಾರರ ಊರಾಗಿದ್ದ ದೊಡ್ಡಬಳ್ಳಾಪುರದ ಸುತ್ತ ಮೊದಲು ಕೈಗಾರಿಕಾ ಪ್ರದೇಶ, ಅಪರೆಲ್ ಪಾರ್ಕ್ ಬಂದವು. 2008ರಲ್ಲಿ ಪಕ್ಕದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ ಕೂಡಿಸುವ ಸ್ಯಾಟಲೈಟ್ ರಿಂಗ್ ರಸ್ತೆಯೂ ಬಂತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು 2020ರಲ್ಲಿ ರದ್ದಾದವು. ರಾಗಿ ಬೆಳೆಯುವ ಹೊಲಕ್ಕೂ ಈಗ ಮುಂದೊಂದು ದಿನ ಲೇಔಟ್ ಆಗುತ್ತೆ ಅನ್ನೋ ಲೆಕ್ಕದಲ್ಲೇ ಬೆಲೆ ಕಟ್ಟುತ್ತಾರೆ.

ಎಕರೆ ಲೆಕ್ಕ

ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. 30×40 ಸೈಟು 1,200 ಚದರ ಅಡಿ. ಒಂದಿಂಚೂ ಬಿಡದೆ ಹಂಚಿದರೆ 36 ಸೈಟು. ಆದರೆ ನಿಯಮದಂತೆ ಲೇಔಟ್ ಮಾಡುವವರು 30 ಅಡಿಗೆ ಕಡಿಮೆ ಇಲ್ಲದ ರಸ್ತೆ ಬಿಡಬೇಕು. ಪಾರ್ಕಿಗೆ, ಸಿಎ ಸೈಟಿಗೆ ಅಂದರೆ ನಾಗರಿಕ ಸೌಲಭ್ಯಕ್ಕೆ, ಜಾಗ ಬಿಡಬೇಕು. ಕೊನೆಗೆ ಮಾರಲು ಉಳಿಯುವುದು ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಹೆಚ್ಚು, ಅಂದಾಜು 20 ಸೈಟು.

ಲೆಕ್ಕ ಸುಲಭವಾಗಲೆಂದು ಎಕರೆಗೆ 1 ಕೋಟಿ ರೂಪಾಯಿ ಅಂದುಕೊಳ್ಳೋಣ. 20 ಸೈಟಾದರೆ ಬರೀ ಮಣ್ಣಿನ ಬೆಲೆಯೇ ಒಂದಕ್ಕೆ 5 ಲಕ್ಷ. ಇದರ ಮೇಲೆ ಭೂಪರಿವರ್ತನೆ ಶುಲ್ಕ, ಪ್ರಾಧಿಕಾರದ ಶುಲ್ಕ, ಚರಂಡಿ, ನೀರಿನ ಪೈಪು, ಕಂಬ, ಟ್ರಾನ್ಸ್‌ಫಾರ್ಮರ್, ಟಾರು, ಅನುಮೋದನೆಗೆ ಕಾದ ತಿಂಗಳುಗಳ ಬಡ್ಡಿ, ಕೊನೆಗೆ ಲಾಭ. ಅದೇ ಎಕರೆಯಲ್ಲಿ ಪಾರ್ಕು ಬಿಡದೆ, ರಸ್ತೆಯನ್ನು 20 ಅಡಿಗೆ ಇಳಿಸಿ, ಚರಂಡಿ ತೋಡದೆ 28 ಸೈಟು ಹೊಡೆದರೆ ಮಣ್ಣಿನ ಬೆಲೆ 3 ಲಕ್ಷದ 57 ಸಾವಿರಕ್ಕೆ ಇಳಿಯುತ್ತದೆ. ಮೇಲಿನ ಖರ್ಚು ಬಹುಪಾಲು ಮಾಯ. ಜನ ರೆವಿನ್ಯೂ ಸೈಟು ಅನ್ನುವುದು ಇದನ್ನೇ. ಮಾರುವವರು ಉಳಿಸಿದ ಈ ಖರ್ಚು ಎಲ್ಲೂ ಹೋಗಿರುವುದಿಲ್ಲ. ಹತ್ತು ವರ್ಷದ ಮೇಲೆ ಚರಂಡಿಗಾಗಿ ಗ್ರಾಮ ಪಂಚಾಯಿತಿ ಬಾಗಿಲಿಗೆ ಅಲೆಯುವಾಗ ಕೊಂಡವರ ತಲೆ ಮೇಲೆ ಬರುತ್ತದೆ.

ಕನ್ವರ್ಷನ್ ಆದರೆ ಲೇಔಟ್ ಆಯಿತೇ?

ಇಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. 'ಡಿಸಿ ಕನ್ವರ್ಷನ್ ಆಗಿದೆ ಸಾರ್, ಏನೂ ತೊಂದರೆ ಇಲ್ಲ' ಎಂಬ ಮಾತು ಅರ್ಧ ಸತ್ಯ.

ಭೂಪರಿವರ್ತನೆ ಆಗುವುದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ. ಈ ಸರ್ವೆ ನಂಬರಿನ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಬಹುದು ಎಂದಷ್ಟೇ ಆ ಆದೇಶ ಹೇಳುತ್ತದೆ. ಅದನ್ನು ಸೈಟುಗಳಾಗಿ ಒಡೆಯಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರದಿಂದ ವಿನ್ಯಾಸ ನಕ್ಷೆಗೆ ಬೇರೆಯೇ ಅನುಮೋದನೆ ಬೇಕು. ಅನುಮೋದನೆ ಸಿಕ್ಕ ಮೇಲೂ ಎಲ್ಲ ಸೈಟು ಒಟ್ಟಿಗೆ ಮಾರುವಂತಿಲ್ಲ. ರಸ್ತೆ, ಚರಂಡಿ ಕೆಲಸ ಆದ ಹಾಗೆ ಹಂತಹಂತವಾಗಿ ಬಿಡುಗಡೆ ಮಾಡುತ್ತಾರೆ. ನೋಡುತ್ತಿರುವ ಸೈಟಿನ ನಂಬರು ಬಿಡುಗಡೆ ಪತ್ರದಲ್ಲಿ ಇದೆಯೇ ಎಂದು ಕೇಳುವವರು ಕಡಿಮೆ. ಕೇಳಲೇಬೇಕು.

ಮಹಾಯೋಜನೆ ಅಂದರೆ ಮಾಸ್ಟರ್ ಪ್ಲಾನ್ ನಕ್ಷೆಯನ್ನೂ ಒಮ್ಮೆ ನೋಡಬೇಕು. ಹಳದಿ ಬಣ್ಣ ವಾಸದ ವಲಯ, ಹಸಿರು ಕೃಷಿ ವಲಯ. ಹಸಿರಿನಲ್ಲಿ ಬಿದ್ದ ಜಮೀನಿಗೆ ಲೇಔಟ್ ಅನುಮೋದನೆ ಸಿಗುವುದು ಕಷ್ಟ. ಅಂಗಡಿ ಕಟ್ಟುವ ಯೋಚನೆಯಲ್ಲಿ ಸೈಟು ಕೊಳ್ಳುವ ವ್ಯಾಪಾರಸ್ಥರು ಪರಿವರ್ತನಾ ಆದೇಶದಲ್ಲಿ 'ವಾಸದ ಉದ್ದೇಶ' ಎಂದಿದೆಯೋ 'ವಾಣಿಜ್ಯ ಉದ್ದೇಶ' ಎಂದಿದೆಯೋ ಓದಿಕೊಂಡರೆ ಮುಂದೆ ನೋಟಿಸಿನ ತಾಪತ್ರಯ ತಪ್ಪುತ್ತದೆ.

ಖಾತೆ ಇದೆ, ಆದರೆ ಯಾವ ಖಾತೆ?

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶ 2013ರಿಂದ ಇದೆ. ಗ್ರಾಮಠಾಣೆಯೊಳಗಿನ ಮನೆಗಳಿಗೆ, ಅನುಮೋದಿತ ಬಡಾವಣೆಯ ಸೈಟುಗಳಿಗೆ ನಮೂನೆ 9 ಮತ್ತು 11ಎ ಸಿಗುತ್ತದೆ. ಉಳಿದವಕ್ಕೆ 11ಬಿ. ನಗರಸಭೆ ಮತ್ತು ಬಾಶೆಟ್ಟಿಹಳ್ಳಿ ಪಟ್ಟಣ ಪಂಚಾಯಿತಿಯಂಥ ಕಡೆ ಇದೇ ವ್ಯತ್ಯಾಸಕ್ಕೆ ಎ-ಖಾತಾ, ಬಿ-ಖಾತಾ ಎಂಬ ಹೆಸರು. ನಗರ ಪ್ರದೇಶದ ಆಸ್ತಿ ನೋಂದಣಿಗೆ 2024ರ ಅಕ್ಟೋಬರ್‌ನಿಂದ ಇ-ಖಾತಾ ಕಡ್ಡಾಯವಾಯಿತು. 2025ರ ಫೆಬ್ರುವರಿಯಲ್ಲಿ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನವನ್ನು ಸರ್ಕಾರ ಆರಂಭಿಸಿತು.

ಬಿ-ಖಾತಾ ಸಿಕ್ಕಿತೆಂದು ಸಿಹಿ ಹಂಚಿದವರೂ ಇದ್ದಾರೆ. ಅದರಿಂದ ಉಪಯೋಗ ಇಲ್ಲವೆಂದಲ್ಲ. ಆಸ್ತಿ ಲೆಕ್ಕಕ್ಕೆ ಬರುತ್ತದೆ, ತೆರಿಗೆ ಕಟ್ಟಬಹುದು. ಆದರೆ ಅದು ಸಕ್ರಮ ಮಾಡಿದ ಪತ್ರವಲ್ಲ. ಅನಧಿಕೃತ ನಿರ್ಮಾಣಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಬಿ-ಖಾತಾ, 11ಬಿ ಕಾಗದಕ್ಕೆ ಸಾಲ ಕೊಡಲು ಬ್ಯಾಂಕಿನವರು ಸಾಮಾನ್ಯವಾಗಿ ಹಿಂದೇಟು ಹಾಕುತ್ತಾರೆ. ಬ್ಯಾಂಕಿನ ಬಡ್ಡಿ ದರದಲ್ಲಿ ಮನೆ ಕಟ್ಟಬಹುದಾಗಿದ್ದ ಕುಟುಂಬ ಫೈನಾನ್ಸ್‌ನವರ ಬಡ್ಡಿಗೆ ಬೀಳುತ್ತದೆ. ಅಗ್ಗದ ಸೈಟಿನ ನಿಜವಾದ ಬೆಲೆ ಗೊತ್ತಾಗುವುದು ಆಗ.

ಕರೆಂಟಿನ ವಿಷಯವೂ ಇದೆ. ಸ್ವಾಧೀನಾನುಭವ ಪತ್ರ ಅಂದರೆ ಓಸಿ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರಲ್ಲಿ ರಾಜ್ಯದಲ್ಲಿ ಹೊಸ ಸಂಪರ್ಕಗಳು ನಿಂತು, ಗೋಡೆ ಎದ್ದ ಮನೆಗಳ ಮಾಲೀಕರು ಪರದಾಡಿದರು. ನಂತರ ಸಣ್ಣ ನಿವೇಶನದ ಮನೆಗಳಿಗೆ ವಿನಾಯಿತಿಯ ತೀರ್ಮಾನಗಳಾದವು. ಮನೆಯಲ್ಲೇ ವಿದ್ಯುತ್ ಮಗ್ಗ ಹಾಕುವವರಿಗೆ ತ್ರೀ ಫೇಸ್ ಸಂಪರ್ಕ ಇಲ್ಲದಿದ್ದರೆ ಮನೆಯೂ ಇಲ್ಲ, ದುಡಿಮೆಯೂ ಇಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಬೆಸ್ಕಾಂ ಕಚೇರಿಗೆ ಹೋಗಿ ಈ ಜಾಗಕ್ಕೆ ಈಗ ಸಂಪರ್ಕ ಸಿಗುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ಸರ್ಕಾರಿ ಮನೆ: ದುಡ್ಡಿದೆ, ಜಾಗ ಇಲ್ಲ

ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಗಳನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಡೆಸುತ್ತದೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಹಳ್ಳಿ ಮನೆಗೆ 1.20 ಲಕ್ಷ ರೂಪಾಯಿ ನೆರವು. ಪಟ್ಟಣದಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ, ವರ್ಷದ ಆದಾಯ 3 ಲಕ್ಷ ಮೀರದಿದ್ದರೆ, ಕೇಂದ್ರದ ಪಾಲು 1.5 ಲಕ್ಷ. 'ಸ್ವಂತ ಜಾಗದಲ್ಲಿ' ಎಂಬ ಮಾತನ್ನು ಗಮನಿಸಬೇಕು. ಬಾಡಿಗೆ ಮನೆಯಲ್ಲಿರುವವರಿಗೆ ಕೊರತೆ ಇರುವುದೇ ಅದರದ್ದು.

ಸೈಟಿಲ್ಲದವರಿಗೆ ಸೈಟು ಹಂಚಲು ಹಳ್ಳಿಯಲ್ಲಿ ಗ್ರಾಮಸಭೆ, ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಪಟ್ಟಿ ಮಾಡುತ್ತವೆ. ಪಟ್ಟಿ ಇರುತ್ತದೆ, ಜಮೀನು ಇರುವುದಿಲ್ಲ. ಗೋಮಾಳ ತೆಗೆದುಕೊಳ್ಳೋಣ ಅಂದರೆ ದನ ಮೇಯಿಸುವವರ ತಕರಾರು, ಒತ್ತುವರಿ, ಕೋರ್ಟು ಕೇಸು. ಬೆಂಗಳೂರಿನ ಹತ್ತಿರದ ತಾಲ್ಲೂಕಾದ್ದರಿಂದ ಉಳಿದ ತುಂಡು ಜಮೀನಿಗೂ ಹತ್ತು ಬೇಡಿಕೆ. ಖಾಸಗಿ ಜಮೀನು ಕೊಂಡು ಹಂಚೋಣವೆಂದರೆ ಮೇಲೆ ಹೇಳಿದ ಎಕರೆ ಲೆಕ್ಕ ಸರ್ಕಾರಕ್ಕೂ ಅಡ್ಡ ಬರುತ್ತದೆ. ಸಬ್ಸಿಡಿ ಎಷ್ಟು ಏರಿಸಿದರೂ ಅದು ಗೋಡೆಗೆ ಸಲ್ಲುವ ದುಡ್ಡೇ ಹೊರತು ನೆಲಕ್ಕಲ್ಲ. ಸರ್ಕಾರಿ ಜಾಗದಲ್ಲಿ ಈಗಾಗಲೇ ಮನೆ ಕಟ್ಟಿಕೊಂಡಿರುವವರಿಗೆ 94ಸಿ, 94ಸಿಸಿ ಕಲಂಗಳಡಿ ಹಕ್ಕುಪತ್ರದ ದಾರಿ ಇದೆ. ಹೊಸದಾಗಿ ಸೈಟು ಹುಡುಕುವವರಿಗೆ ಅದು ದಾರಿಯಲ್ಲ.

ಕೊಡುವ ಮುನ್ನ ನೋಡಬೇಕಾದ ಕಾಗದ

ಮೊದಲು ಮೂಲ ಸರ್ವೆ ನಂಬರಿನ ಪಹಣಿ ಮತ್ತು ಮ್ಯುಟೇಷನ್. ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ಮೇಲೆ ಜಮೀನು ವಾಪಸ್ ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲ. ಎಷ್ಟೋ ಕೈ ದಾಟಿ ಬಂದ ಸೈಟಾದರೂ ಅಪಾಯ ತಪ್ಪಿದ್ದಲ್ಲ. ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಆ ಭಾಗ ಹಳ್ಳ, ಬಂಡಿದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದರ ಮೇಲೆ ಸೈಟು ಗುರುತಿಸಿದ್ದಾರೆಯೇ ಎಂದು ಸರ್ವೆ ನಕ್ಷೆ ಇಟ್ಟುಕೊಂಡು ನೋಡಬೇಕು.

ಋಣಭಾರ ಪತ್ರ, ಅಂದರೆ ಇಸಿ, ಕನಿಷ್ಠ 30 ವರ್ಷದ್ದು ತೆಗೆಸಬೇಕು. ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಜಿಪಿಎ ಮೇಲೆ ಸೈಟು ಮಾರುವುದು ಇನ್ನೂ ಅಲ್ಲಲ್ಲಿ ನಡೆಯುತ್ತಿದೆ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಲೇಔಟ್ 500 ಚದರ ಮೀಟರ್‌ಗಿಂತ ದೊಡ್ಡದಾದರೆ, ಅಂದರೆ ಸುಮಾರು ಐದು ಗುಂಟೆ ದಾಟಿದರೆ, ರೇರಾ ನೋಂದಣಿ ಬೇಕು. ನಂಬರನ್ನು ಬ್ರೋಷರಿನಲ್ಲಿ ನೋಡಿ ಬಿಡದೆ ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಿದರೆ ಅನುಮೋದಿತ ನಕ್ಷೆಯೂ ಸಿಗುತ್ತದೆ. ಹೇಳಿದಂತೆ ಕೆಲಸ ಮುಗಿಸದ ಲೇಔಟ್‌ನವರ ಮೇಲೆ ದೂರು ಕೊಡುವುದೂ ಅಲ್ಲೇ.

ನೋಂದಣಿ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ಸೈಟಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ಶೇ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. 10 ಲಕ್ಷದ ಸೈಟಿಗೆ ಒಟ್ಟು 75 ಸಾವಿರ ರೂಪಾಯಿ ದಾಟುತ್ತದೆ.