ಹಸಿವಿಗೆ ಅಂಜುವ ಕೂಸು



ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವುದು ಹಿಂದಿನಿಂದ ಬಂದ ವಾಡಿಕೆ. ಹೊಲ ಒಡೆಯದು, ನಂಟು ಸಡಿಲವಾಗದು ಎಂಬುದು ಹಿರಿಯರ ಎಣಿಕೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಅವರ ಸಂಗಡಿಗರು ಕರ್ನಾಟಕದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಮದುವೆಗಳಲ್ಲಿ ಸುಮಾರು ಮೂರರಲ್ಲೊಂದು ರಕ್ತಸಂಬಂಧದೊಳಗಿನದೆಂದು ಅದೇ ಬಳಗ ತೋರಿಸಿತು. ಇಂಥ ಮದುವೆಯಲ್ಲಿ ಒಂದೇ ಮೂಲದ ದೋಷ ತಂದೆತಾಯಿಗಳಿಬ್ಬರಿಂದಲೂ ಕೂಸಿಗೆ ಇಳಿಯುವ ಸಂಭವ ಹೆಚ್ಚು.

ಅಂಥ ಬೇನೆಗಳಲ್ಲೊಂದನ್ನು ಜರ್ಮನಿಯ ಫಾನ್ ಗಿಯರ್ಕೆ 1929ರಲ್ಲಿ ವರ್ಣಿಸಿದನು. ನಮ್ಮ ಯಕೃತ್ತು ಉಂಡ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಹಗೇವಿನಲ್ಲಿಟ್ಟ ಜೋಳದಂತೆ ಕಾಪಿಡುತ್ತದೆ. ಈ ಮಕ್ಕಳ ಹಗೇವು ತುಂಬಿರುತ್ತದೆ, ಬಾಯಿ ಮಾತ್ರ ತೆರೆಯದು. ಹೊಟ್ಟೆ ಉಬ್ಬುತ್ತದೆ, ರಾತ್ರಿ ಉಪವಾಸ ಬಿದ್ದರೆ ಬೆಳಗಿನ ಹೊತ್ತಿಗೆ ರಕ್ತದ ಸಕ್ಕರೆ ಕುಸಿದು ಕೂಸು ಎಚ್ಚರ ತಪ್ಪಬಹುದು. ಅಲ್ಲಿ ಕಾಣೆಯಾದ ಕಿಣ್ವ ಯಾವುದೆಂಬುದನ್ನು 1952ರಲ್ಲಿ ಕೋರಿ ದಂಪತಿಗಳು ತೋರಿಸಿಕೊಟ್ಟರು.

ಇನ್ನೊಂದು ಕಥೆ ಕೋಳಿಮೊಟ್ಟೆಯದು. ಮೊಟ್ಟೆಯ ಹಸಿ ಬಿಳಿಭಾಗವನ್ನೇ ತಿಂದ ಇಲಿಗಳು ಕೂದಲುದುರಿ ಸೊರಗುವುದನ್ನು 1927ರಲ್ಲಿ ಮಾರ್ಗರೆಟ್ ಬೋಆಸ್ ವರದಿಮಾಡಿದಳು. ಆ ಕೊರತೆಯನ್ನು ನೀಗುವ ಬಯೋಟಿನ್ ಎಂಬ ಜೀವಸತ್ವವನ್ನು 1936ರಲ್ಲಿ ಕೋಗ್ಲ್ ಮತ್ತು ಟೊನಿಸ್ ಮೊಟ್ಟೆಯ ಹಳದಿಯಿಂದಲೇ ಬೇರ್ಪಡಿಸಿದರು. ಒಮ್ಮೆ ಬಳಸಿದ ಬಯೋಟಿನ್ನನ್ನು ಬಿಡಿಸಿ ಮರಳಿ ಬಳಕೆಗೆ ತರುವ ಕಿಣ್ವವೇ ಬಯೋಟಿನಿಡೇಸ್. ರಕ್ತದಲ್ಲಿರುವ ಈ ಕಿಣ್ವವನ್ನು ಒದಗಿಸುವುದು ಮುಖ್ಯವಾಗಿ ಯಕೃತ್ತು.

ಈ ಎರಡು ಕಥೆಗಳೂ ಕೂಡಿದ್ದು ಇತ್ತೀಚೆಗೆ. ಗ್ಲೈಕೋಜನ್ ಬೇನೆಯ ಮಕ್ಕಳ ರಕ್ತದಲ್ಲಿ ಬಯೋಟಿನಿಡೇಸ್ ಏರಿರುವುದು ಕಂಡುಬಂದಿತು. 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದನ್ನು ಸುಲಭವಾದ ಸೂಚಕವೆಂದು ಮುಂದಿಟ್ಟಿತು. ಅದು ದಾರಿ ತೋರುವ ಕೈಮರವೇ ಹೊರತು ಕೊನೆಯ ತೀರ್ಪಲ್ಲ. ವಂಶವಾಹಿ ಪರೀಕ್ಷೆಯಿಂದಲೇ ನಿರ್ಣಯವಾಗಬೇಕು. ಆದರೂ ಯಕೃತ್ತಿನ ತುಣುಕನ್ನು ತೆಗೆಯುವ ಮೊದಲು ಒಂದಿಷ್ಟು ರಕ್ತವೇ ಸುಳಿವು ಕೊಡುವುದು ಸಣ್ಣ ಉಪಕಾರವಲ್ಲ.

ಸುಳಿವು ಸಿಕ್ಕರೆ ಏನು ಫಲ? 1984ರಲ್ಲಿ ಅಮೆರಿಕದ ವೈದ್ಯರು ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕದಡಿ, ಹೊತ್ತುಹೊತ್ತಿಗೆ ಕುಡಿಸಿ ಇಂಥ ಮಕ್ಕಳ ಸಕ್ಕರೆಯನ್ನು ಕಾಯಬಹುದೆಂದು ತೋರಿಸಿದರು. ಅದು ಮೆಲ್ಲಗೆ ಕರಗಿ ಹಲವು ತಾಸು ಸಕ್ಕರೆಯನ್ನು ಒದಗಿಸುತ್ತದೆ. ಅಳತೆಯನ್ನೂ ಹೊತ್ತನ್ನೂ ವೈದ್ಯರೇ ಗೊತ್ತುಮಾಡಬೇಕು.

ಇಂದು ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಮೆಕ್ಕೆಜೋಳ ಮುಖ್ಯ ಬೆಳೆ. ಮದ್ದಿನ ಮೂಲವಸ್ತು ಬದುವಿನಾಚೆಯೇ ಬೆಳೆದಿರುವಾಗ, ಹೊಟ್ಟೆ ಉಬ್ಬಿದ ಕೂಸಿಗೆ ದೃಷ್ಟಿ ತೆಗೆದು ಸುಮ್ಮನಾಗುವುದು, ಹೆತ್ತವಳನ್ನು ಹಳಿಯುವುದು ನ್ಯಾಯವೇ? ದೋಷವಿದ್ದರೆ ಅದು ತಂದೆತಾಯಿಗಳಿಬ್ಬರಿಂದಲೂ ಬಂದದ್ದು. ಹಳಿಯುವ ಹೊತ್ತನ್ನು ಕೂಸನ್ನು ಆಸ್ಪತ್ರೆಗೆ ಒಯ್ಯುವುದಕ್ಕೆ ಬಳಸೋಣ.